ಡ್ಯೂರರನ ಸಂಭಾವನೆ

ಅಕ್ಕಿ ಬಟ್ಟೆಗಳ ಬೆಲೆಯನ್ನು ಪೇಟೆ ಗೊತ್ತುಮಾಡುತ್ತದೆ. ಸಂಬಳದವನ ಬೆಲೆಯನ್ನು ಒಡೆಯ ಗೊತ್ತುಮಾಡುತ್ತಾನೆ. ಯಾರ ಆಳೂ ಅಲ್ಲದ ಕಲಾವಿದ ಮಾತ್ರ ತನ್ನ ಬೆಲೆಯನ್ನು ತಾನೇ ಹೇಳಬೇಕು, ಹೇಳಿ ಸಮರ್ಥಿಸಿಕೊಳ್ಳಲೂ ಬೇಕು. ಈ ಸಂಕಟ ಎಷ್ಟು ಹಳೆಯದೆಂಬುದಕ್ಕೆ ಜರ್ಮನಿಯ ಮಹಾಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರನು 1507ರಿಂದ 1509ರವರೆಗೆ ಒಬ್ಬ ಗಿರಾಕಿಗೆ ಬರೆದ ಒಂಬತ್ತು ಪತ್ರಗಳೇ ಸಾಕ್ಷಿ. ಅವುಗಳ ಪ್ರತಿಗಳು ಉಳಿದುಬಂದಿವೆ.

ಗಿರಾಕಿ ಫ್ರಾಂಕ್‌ಫರ್ಟಿನ ಶ್ರೀಮಂತ ಬಟ್ಟೆ ವ್ಯಾಪಾರಿ ಯಾಕೋಬ್ ಹೆಲ್ಲರ್. ಅಲ್ಲಿಯ ಡೊಮಿನಿಕನ್ ಸಂನ್ಯಾಸಿಗಳ ಚರ್ಚಿಗೆ ಮೇರಿಮಾತೆಯ ಸ್ವರ್ಗಾರೋಹಣದ ಚಿತ್ರಫಲಕವನ್ನು ಅರ್ಪಿಸುವುದು ಅವನ ಇಚ್ಛೆ. ಒಪ್ಪಿದ ಬೆಲೆ 130 ಫ್ಲಾರಿನ್. ಡ್ಯೂರರನ ಊರಾದ ನ್ಯೂರೆಂಬರ್ಗಿನಲ್ಲಿ ಚಿತ್ರಕಲೆ ಯಾವ ಕಸುಬುದಾರರ ಸಂಘದ ಕಟ್ಟಳೆಗೂ ಒಳಪಡದ ಸ್ವತಂತ್ರ ವೃತ್ತಿ. ಬೆಲೆಯನ್ನು ಕಟ್ಟಿಕೊಡುವ ಸಂಘವಿಲ್ಲ. ಜಗಳವಾದರೆ ಬೆನ್ನಿಗೆ ನಿಲ್ಲುವ ಸಂಘವೂ ಇಲ್ಲ.

ಮೊದಲು ಜ್ವರದಿಂದ ತಡವಾಯಿತು. ಬಳಿಕ ಸ್ಯಾಕ್ಸನಿಯ ದೊರೆ ಫ್ರೆಡ್ರಿಕನ ಚಿತ್ರ ಅಡ್ಡಬಂತು. ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ದೊರೆತದ್ದು 280 ಫ್ಲಾರಿನ್. ಅಷ್ಟರಲ್ಲಿ ಊಟ ಖರ್ಚಿಗೇ ಬಹುಪಾಲು ಹೋಯಿತೆಂದು ಡ್ಯೂರರ್ ಬರೆಯುತ್ತಾನೆ. 1508ರ ಆಗಸ್ಟಿನಲ್ಲಿ ಅವನ ದನಿ ಬದಲಾಗುತ್ತದೆ. ಬದಿಯ ಫಲಕಗಳಿಗೆ ಶಿಷ್ಯರ ಕೈ ಬಿದ್ದಿರಬಹುದು, ನಡುವಣ ಫಲಕವನ್ನು ತನ್ನ ಹೊರತು ಯಾರೂ ಮುಟ್ಟುವುದಿಲ್ಲ. ಅದು 200 ಫ್ಲಾರಿನ್ನಿಗೆ ಕಡಮೆಯಲ್ಲ, ಎಂದು.

ಹೆಲ್ಲರ್ ಕೆರಳಿದ. ಅವನ ಪತ್ರಗಳು ನಮಗೆ ಉಳಿದಿಲ್ಲ, ಡ್ಯೂರರನ ಉತ್ತರಗಳಿಂದಲೇ ಅವನ ಕೋಪವನ್ನು ಅಳೆಯಬೇಕು. ಪರಮ ಶ್ರದ್ಧೆಯಿಂದ ಬರೆಯುತ್ತೇನೆಂದು ಮಾತುಕೊಟ್ಟಿದ್ದೆಯಲ್ಲ ಎಂದು ಅವನು ಕೇಳಿರಬೇಕು. ಡ್ಯೂರರನ ಜವಾಬು ಹೀಗಿದೆ: ಹಾಗೆ ಹೇಳಿದ್ದರೆ ನನಗೆ ಬುದ್ಧಿ ನೆಟ್ಟಗಿರಲಿಲ್ಲ, ಅಂಥ ಶ್ರದ್ಧೆಯಲ್ಲಿ ಅರ್ಧ ವರ್ಷಕ್ಕೆ ಒಂದು ಮುಖವೂ ಮುಗಿಯದು, ಈ ಚಿತ್ರದಲ್ಲಿ ನೂರರಷ್ಟು ಮುಖಗಳಿವೆ. ಜೊತೆಗೆ ಬಣ್ಣದ ಲೆಕ್ಕ. ಬದಖ್‌ಶಾನಿನ ಗಣಿಗಳ ನೀಲಿಕಲ್ಲನ್ನು ಅರೆದು ಮಾಡುವ ಆ ಅಪ್ಪಟ ನೀಲಿಯನ್ನು ಪದರದ ಮೇಲೆ ಪದರವಾಗಿ ಬಳಿದಿದ್ದಾನೆ. ಬಣ್ಣ, ಕಾಲ, ಬಿಟ್ಟುಹೋದ ಬೇರೆ ಸಂಪಾದನೆ, ಹೆಚ್ಚು ಕೊಡಲು ಸಿದ್ಧರಿರುವ ಅನ್ಯರು: ಎಲ್ಲವನ್ನೂ ಹೇಳುತ್ತಾನೆ. ವ್ಯಾಪಾರಿಗೆ ಅರ್ಥವಾಗುವ ಭಾಷೆಯೆಂದರೆ ಅದೇ ಎಂದು ಬಗೆದನೇನೋ.

ಹೆಲ್ಲರನದು ಶುದ್ಧ ಜಿಪುಣತನವೆಂದು ನನಗೆ ತೋರುವುದಿಲ್ಲ. ಒಪ್ಪಿದ ಬೆಲೆಯನ್ನು ನಡುವೆ ಏರಿಸುವವನನ್ನು ಯಾವ ವರ್ತಕನೂ ಮೆಚ್ಚಲಾರ. ಆದರೆ ಒಂದು ಚಿತ್ರ ಎಷ್ಟು ದುಡಿಮೆಯನ್ನು ಕೇಳೀತೆಂಬುದು ಬರೆಯತೊಡಗುವ ಮುನ್ನ ಚಿತ್ರಕಾರನಿಗೂ ತಿಳಿಯದು. ಕರಾರಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಕಡೆಗೆ, ಚಿತ್ರ ಬೇಡವಾದರೆ ಮುಂಗಡದ 100 ಫ್ಲಾರಿನ್ನನ್ನು ಹಿಂದಿರುಗಿಸುವೆನೆಂದು ಡ್ಯೂರರ್ ಹೇಳಿದ ಮೇಲೆ ಹೆಲ್ಲರ್ ಇಳಿದುಬಂದ. 200 ಫ್ಲಾರಿನ್ ಕೊಟ್ಟ. ಚಿತ್ರಕಾರನ ಹೆಂಡತಿಗೂ ತಮ್ಮನಿಗೂ ಉಡುಗೊರೆ ಕಳಿಸಿದ.

1509ರ ಆಗಸ್ಟಿನಲ್ಲಿ ಚಿತ್ರದೊಡನೆ ಹೋದ ಪತ್ರ ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ಶುಚಿಯಾಗಿಟ್ಟರೆ ಇದು 500 ವರ್ಷ ಹೊಸದಾಗಿರುತ್ತದೆ. ಯಾರೂ ಮುಟ್ಟಬಾರದು, ತೀರ್ಥವನ್ನೂ ಪ್ರೋಕ್ಷಿಸಬಾರದು. ಇಂಥದೇ ಇನ್ನೊಂದಕ್ಕೆ 400 ಫ್ಲಾರಿನ್ ಕೊಡುವೆನೆಂದವನಿಗೂ ಒಲ್ಲೆನೆಂದೆ, ಭಿಕ್ಷೆ ಬೇಡಬೇಕಾದೀತು. ಇನ್ನು ಕೊರೆಯುವ ಕೆಲಸವನ್ನೇ ನೋಡಿಕೊಳ್ಳುವೆ. ಮೊದಲೇ ಹಾಗೆ ಮಾಡಿದ್ದರೆ ಇಂದು 1000 ಫ್ಲಾರಿನ್ನಿನಷ್ಟು ಹೆಚ್ಚು ಸಿರಿವಂತನಾಗಿರುತ್ತಿದ್ದೆ.

ಲೆಕ್ಕ ಸರಿಯಾಗಿಯೇ ಇತ್ತು. ತಾಮ್ರದ ತಗಡನ್ನು ಒಮ್ಮೆ ಕೊರೆದರೆ ನೂರಾರು ಪ್ರತಿ ತೆಗೆಯಬಹುದು. ಕೊಳ್ಳುವವರು ಅನೇಕರು, ಪ್ರತಿಯೊಬ್ಬರು ತೆರುವುದು ಅಲ್ಪ, ಒಬ್ಬ ಹೆಲ್ಲರನಿಗೆ ಸಮಜಾಯಿಷಿ ಬರೆಯುತ್ತ ಕೂರಬೇಕಾಗಿಲ್ಲ.

ಶ್ರೋತೃಗಳಲ್ಲಿ ಅನೇಕರು ಡ್ಯೂರರನ ‘ಪ್ರಾರ್ಥಿಸುವ ಕೈಗಳ’ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ಕಂಡಿರಬಹುದು. ಅಣ್ಣನ ಓದಿಗಾಗಿ ಗಣಿಯಲ್ಲಿ ದುಡಿದ ತಮ್ಮನ ಕೈಗಳೆಂಬ ಕಥೆ ಕಟ್ಟುಕಥೆ. ಅವು ಇದೇ ಫಲಕದ ಒಬ್ಬ ಧರ್ಮದೂತನಿಗಾಗಿ 1508ರಲ್ಲಿ ಮಾಡಿದ ಅಭ್ಯಾಸಚಿತ್ರ, ಈಗ ವಿಯೆನ್ನಾದಲ್ಲಿದೆ. ಮೂಲಫಲಕವೋ, 1614ರಲ್ಲಿ ಬವೇರಿಯದ ದೊರೆ ಮ್ಯಾಕ್ಸಿಮಿಲಿಯನನ ಪಾಲಾಗಿ, 1729ರಲ್ಲಿ ಮ್ಯೂನಿಕ್ ಅರಮನೆಯ ಬೆಂಕಿಯಲ್ಲಿ ಸುಟ್ಟುಹೋಯಿತು. ಫ್ರಾಂಕ್‌ಫರ್ಟಿನಲ್ಲಿ ಉಳಿದಿರುವುದು ಹಾರಿಖ್ ಎಂಬವನು ಬರೆದ ನಕಲು. ಅಚ್ಚುಚಿತ್ರಗಳು ಬಹುದೂರ ನಡೆದವು. 1511ರಲ್ಲಿ ಡ್ಯೂರರ್ ಕೊರೆದ ಶಿಲುಬೆಯ ದೃಶ್ಯದಲ್ಲಿ ಕೈ ಹೊಸೆದು ನಿಂತ ಸಂತ ಯೋಹಾನನನ್ನು 1600ರ ಸುಮಾರಿಗೆ ನಮ್ಮ ಮೊಗಲ್ ಚಿತ್ರಶಾಲೆಯ ಅಬುಲ್ ಹಸನ್, ತನ್ನ ಹದಿಮೂರನೆಯ ವಯಸ್ಸಿನಲ್ಲಿ, ನೋಡಿ ಬರೆದಿದ್ದಾನೆ.