ಬಾಗಿಲವಾಡ: ಮರದ ಮಾತು, ಕಲ್ಲಿನ ದ್ವಾರ

ಮೂಡಲ ಬಾಗಿಲೇ ಮುಳಬಾಗಿಲಾಯಿತು. ಹೆಸರಿನಲ್ಲಿಯೇ ಬಾಗಿಲನ್ನು ಹೊತ್ತ ಈ ಊರಿನಲ್ಲಿ ‘ಬಾಗಿಲವಾಡ’ವೆಂಬ ಬಡಗಿಯ ಮಾತನ್ನು ಸ್ಮರಿಸುವುದು ಉಚಿತವೇ ಸರಿ. ಎರಡು ನಿಲುವುಮರ, ಮೇಲೊಂದು ಅಡ್ಡಮರ, ಕೆಳಗೆ ಹೊಸ್ತಿಲು. ಒಂದರ ತುದಿಯನ್ನು ಇನ್ನೊಂದರ ಗುಳಿಯಲ್ಲಿ ಕೂರಿಸಿ ಬಿಗಿದ ಚೌಕಟ್ಟೇ ಬಾಗಿಲವಾಡ. ಕದವು ಬೇರೆ.

ಬಸದಿಗಳು ಶಿಲಾಮಯವಾದ ಮೇಲೂ ಮರದ ಮಾತುಗಳು ಅಳಿಯಲಿಲ್ಲ. ಶಿಲ್ಪಶಾಸ್ತ್ರದಲ್ಲಿ ದ್ವಾರದ ಇಕ್ಕೆಲದ ಪಟ್ಟಿಕೆಗಳಿಗೆ ‘ಶಾಖೆ’, ಅಂದರೆ ಕೊಂಬೆ, ಎಂದೇ ಹೆಸರು. ತ್ರಿಶಾಖೆ, ಪಂಚಶಾಖೆ ಎಂದು ಅವುಗಳ ಎಣಿಕೆ. ಹೊಸ್ತಿಲಿಗೆ ‘ಉದುಂಬರ’, ಅಂದರೆ ಅತ್ತಿಮರ. ಪಂಚೋದುಂಬರ ಫಲಗಳನ್ನು ವರ್ಜಿಸಿದ ಶ್ರಾವಕನು ಜಿನದರ್ಶನಕ್ಕಾಗಿ ದಾಟುವುದು ಆ ಹೆಸರಿನ ಹೊಸ್ತಿಲನ್ನೇ!

ಕುವಲಾಲವೆನಿಸಿದ ಕೋಲಾರವು ಗಂಗರ ಮೊದಲ ರಾಜಧಾನಿ. ಆ ವಂಶದ ರಾಚಮಲ್ಲನ ಮಂತ್ರಿ ಚಾವುಂಡರಾಯನು ಕ್ರಿ.ಶ. 981ರಲ್ಲಿ ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ ವಿಂಧ್ಯಗಿರಿಯ ಮೇಲೆ ‘ಅಖಂಡ ಬಾಗಿಲು’ ಇದೆ. ಪರಂಪರೆಯು ಅದನ್ನೂ ಆತನದೇ ಎನ್ನುತ್ತದೆ. ನಿಲುವುಗಳೂ ಮೇಲಣ ಗಜಲಕ್ಷ್ಮಿಯ ಫಲಕವೂ ಒಂದೇ ಬಂಡೆಯಲ್ಲಿ ಕೊರೆದವು. ಕೂಡಿಸಿದ ಸಂದು ಒಂದೂ ಇಲ್ಲ. ಬಡಗಿಯ ಲೆಕ್ಕದಲ್ಲಿ ಅದು ಬಾಗಿಲವಾಡವೇ ಅಲ್ಲ. ಆಕಾರ ಮಾತ್ರ ಅವನ ಚೌಕಟ್ಟಿನದೇ.