ಕ್ಯಾಂಪ್

ನಮ್ಮ ಕಡೆ ಕ್ಯಾಂಪ್ ಅಂದರೆ ನಾಲ್ಕು ದಿನದ ಬಾಬತ್ತು. ‘ಸಾಹೇಬ್ರು ಕ್ಯಾಂಪಿಗೆ ಹೋಗ್ಯಾರ’ ಎಂದು ಜವಾನ ಹೇಳಿದರೆ ನಾಳೆ ಬಾ ಎಂದರ್ಥ. ಹಿರೇಕೆರೂರಿನ ಕಣ್ಣಿನ ಕ್ಯಾಂಪ್ ಸಂಜೆಗೆ ಮುಗಿಯುತ್ತದೆ. ಸವಣೂರಿಗೆ ನಾಟಕ ಕಂಪನಿ ಬಂದರೆ ಅದರ ಕ್ಯಾಂಪ್ ಕಲೆಕ್ಷನ್ ಇರುವತನಕ. 2019ರಲ್ಲಿ ವರದಾ ನದಿ ಉಕ್ಕಿ ದಂಡೆಯ ಜನ ಶಾಲೆಗಳಲ್ಲಿ ಮಲಗಿದರು. ನೀರು ಇಳಿದ ಮೇಲೆ ಹೊರಟರು, ಮನೆ ಉಳಿದವರು ಮನೆಗೆ.

ಹಾನಗಲ್ಲ, ಶಿಗ್ಗಾವಿ ತಾಲ್ಲೂಕಿನ ಪಡುವಣ ಗಡಿ ದಾಟಿದರೆ ಮುಂಡಗೋಡ. ಅಲ್ಲಿನ ಟಿಬೆಟಿಯನ್ನರ ಕ್ಯಾಂಪ್ ಮಾತ್ರ 1966ರಿಂದ ಎದ್ದಿಲ್ಲ. ನಿಜಲಿಂಗಪ್ಪನವರ ಸರ್ಕಾರದ ಕಾಲದಲ್ಲಿ ಕೊಟ್ಟ ಸುಮಾರು 4,000 ಎಕರೆ ಕಾಡು ಈಗ ಗೋವಿನಜೋಳದ ಹೊಲ, ಆಸ್ಪತ್ರೆ, ಶಾಲೆ. ಗಾಂದೆನ್, ಡ್ರೆಪುಂಗ್ ಎಂಬ ಮಹಾವಿಹಾರಗಳು ಇಲ್ಲೇ ಮರುಹುಟ್ಟು ಪಡೆದವು. ಕಾಗದದಲ್ಲಿ ಅದು ಡೋಗುಲಿಂಗ್ ವಸಾಹತು. ಆಟೋದವರ ಬಾಯಲ್ಲಿ ಲಾಮಾ ಕ್ಯಾಂಪ್, ಮೂರನೇ ನಂಬರ್ ಕ್ಯಾಂಪ್. ಅಲ್ಲೇ ಹುಟ್ಟಿ ಮುದುಕರಾಗುತ್ತಿರುವವರ ಊರಿಗೂ ನಂಬರೇ ಹೆಸರು. (ಸಿಂಧನೂರಿನ ಬಂಗಾಳಿ ನಿರಾಶ್ರಿತರದೂ ಇದೇ ಕತೆ: ಆರ್.ಎಚ್. ಕ್ಯಾಂಪ್ 1, 2, 3...)

ಸುತ್ತಲಿನ ಹಳ್ಳಿಯವರಿಗೆ ಕ್ಯಾಂಪ್ ಅಂದರೆ ಕೂಲಿ. ಕಟ್ಟಡದ ಕೆಲಸ ಅಲ್ಲಿ, ಹೊಲದ ಕೆಲಸ ಅಲ್ಲಿ. ಚಳಿಗಾಲಕ್ಕೆ ಟಿಬೆಟಿಯನ್ನರಲ್ಲಿ ಅನೇಕರು ಸ್ವೆಟರ್ ಮಾರಲು ಊರೂರಿಗೆ ಹೊರಟಾಗ ಇವರ ಕೆಲಸವೂ ತೆಳ್ಳಗಾಗುತ್ತದೆ. ‘ಅವರಿಗೇನ್ರಿ, ಎಲ್ಲಾ ಐತಿ’ ಎಂಬ ಗೊಣಗಾಟ ಸುಳ್ಳೆನ್ನಲಾರೆ. ಚಿನ್ನದ ಬಣ್ಣದ ಮಂದಿರದ ಎದುರು ಹಂಚಿನ ಮನೆಯವನಿಗೆ ಹಾಗೆ ಅನ್ನಿಸುವುದು ಸಹಜ.

ಆದರೆ ಎಲ್ಲಾ ಇಲ್ಲ. ಜಮೀನು ಗುತ್ತಿಗೆಯದು. ನೋಂದಣಿ ಪುಸ್ತಕ ಆಗಾಗ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಭಾರತೀಯರೇ ಎಂದು ಕರ್ನಾಟಕ ಹೈಕೋರ್ಟ್ ಹೇಳಲು 2013 ಬರಬೇಕಾಯಿತು.

ಇತ್ತ ಆತಿಥೇಯನ ಗತಿ? ಕಾಡಂಚಿನಲ್ಲಿ ತಲೆಮಾರಿನಿಂದ ಉತ್ತವನಿಗೆ ಸರ್ಕಾರ ಇಟ್ಟ ಹೆಸರು ಅತಿಕ್ರಮಣದಾರ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಬುಡಕಟ್ಟಿಗೆ ಸೇರದವರು 2005ಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕು, ಅಂದರೆ 1930ರಿಂದ. ಅಜ್ಜನ ಗುಡಿಸಲಿಗೆ ಯಾರು ರಸೀದಿ ಕೊಟ್ಟಿದ್ದರು?

ನಿರಾಶ್ರಿತ, ಅತಿಕ್ರಮಣದಾರ ಎಂದು ಇವರಿಬ್ಬರನ್ನು ಎದುರುಬದುರು ನಿಲ್ಲಿಸುವವರು ಪಹಣಿ ತೆಗೆದು 9ನೇ ಕಾಲಂ ಓದಲಿ. ಮಾಲೀಕರ ಹೆಸರು ಬರೆಯುವ ಆ ಜಾಗದಲ್ಲಿ ಇಬ್ಬರೂ ಇಲ್ಲ.