ಹಟ್ಟಿಯ ಗಣೆ, ಹೋಬಳಿಯ ಶಾಲೆ

ಕೊಳಾಲದಿಂದ ಮಧುಗಿರಿ, ಶಿರಾ, ಪಾವಗಡದ ಕಡೆ ಹೊರಟರೆ ಊರುಗಳಿಂದ ತುಸು ದೂರದಲ್ಲಿ ಗೊಲ್ಲರಹಟ್ಟಿಗಳು ಸಿಗುತ್ತವೆ. ಹಿಂದೆ ಹಟ್ಟಿಯ ಸುತ್ತ ಮುಳ್ಳುಬೇಲಿ, ಒಳಗೆ ಗುಡಿಸಲು, ಕುರಿರೊಪ್ಪ ಇರುತ್ತಿದ್ದವು. ಆ ಬೇಲಿ ದಾಟಿ ಶಾಲೆಗೆ ಬಂದ ಕಾಡುಗೊಲ್ಲರ ಮಗು ಹೊರಗೆ ಏನನ್ನು ಬಿಟ್ಟು ಬಂತು ಎಂದು ನಮ್ಮ ಶಿಕ್ಷಣದ ಚರಿತ್ರೆ ಕೇಳಿದ್ದು ಕಡಿಮೆ.

ಸರ್ಕಾರಿ ಶಾಲೆಗೆ ಮುಂಚೆ ಇದ್ದದ್ದು ಕೂಲಿಮಠ. ಮರಳಿನ ಮೇಲೆ ಅಕ್ಷರ, ಬಾಯಲ್ಲಿ ಮಗ್ಗಿ, ಅಮರಕೋಶ, ಜೈಮಿನಿ ಭಾರತ. ಕುರಿ ಕಾಯುವ ಮನೆಯ ಮಕ್ಕಳಿಗೆ ಅಲ್ಲಿ ಜಾಗ ಇದ್ದದ್ದು ಅಪರೂಪ. 1868ರಲ್ಲಿ ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆಯ ಯೋಜನೆ ರೂಪಿಸಿದರು. 1913ರಲ್ಲಿ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾನೂನು ತಂದು ಆಯ್ದ ಕಡೆಗಳಲ್ಲಿ ಅದನ್ನು ಕಡ್ಡಾಯ ಮಾಡಿತು. ಬಾಗಿಲು ತೆರೆಯಿತು, ನಿಜ. ಆದರೆ ಒಳಗಿನ ಪುಸ್ತಕ ಎಲ್ಲರಿಗೂ ಒಂದೇ.

ಹಟ್ಟಿಗೆ ತನ್ನದೇ ಒಂದು ಪಾಠಶಾಲೆ ಇತ್ತು. ಜುಂಜಪ್ಪ ಕಾಡುಗೊಲ್ಲರ ವೀರ, ದೈವ, ದನಕರುಗಳ ಒಡೆಯ. ಅವನ ಕಥೆಯನ್ನು ಗಣೆ ಎಂಬ ಉದ್ದನೆಯ ಬಿದಿರಿನ ವಾದ್ಯದ ಜೊತೆ ಹಾಡುತ್ತಾರೆ. ಒಂದಿಷ್ಟು ಹಾಡು, ಒಂದಿಷ್ಟು ಊದು, ಮತ್ತೆ ಹಾಡು, ಹೀಗೇ ರಾತ್ರಿ ಸರಿಯುತ್ತದೆ. ಮೇವು, ನೀರು, ದನದ ಬಣ್ಣ, ಅಣ್ಣತಮ್ಮಂದಿರ ಜಗಳ, ನಂಟರ ಮೋಸ ಎಲ್ಲ ಅದರಲ್ಲಿವೆ. ಹೆಂಗಸರ ಹಾಡಿನ ಲೋಕ ಬೇರೆ. ಚಳ್ಳಕೆರೆ ಸೀಮೆಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಸಾವಿರಾರು ಪದಗಳು ಬರುತ್ತಿದ್ದವು. ತೀ.ನಂ. ಶಂಕರನಾರಾಯಣ, ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಈ ಲೋಕವನ್ನು ಪುಸ್ತಕಕ್ಕೆ ತಂದರು. ಹೀಗಾಗಿ ಜುಂಜಪ್ಪ ಎಂ.ಎ. ತರಗತಿಯವರೆಗೂ ಬಂದ. ಒಂದನೇ ತರಗತಿಗೆ ಬರಲಿಲ್ಲ! ಪ್ರತಿಭಾ ಕಾರಂಜಿಯಲ್ಲಿ ಐದು ನಿಮಿಷದ ಜನಪದ ಗೀತೆ ಹಾಡಿಸಿ ಬಹುಮಾನ ಕೊಡುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮಲ್ಲಿ ಒಮ್ಮೆ ಒಳ್ಳೆಯ ಪ್ರಯತ್ನ ನಡೆದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ತಾವೇ ಕೂತು ಕಾರ್ಡುಗಳನ್ನು ಬರೆದರು. ಆ ಸೀಮೆಯ ಹಾಡು, ಕಥೆ, ಆಟ ಕಲಿಕೆಯ ಏಣಿಯ ಮೆಟ್ಟಿಲಾದವು. ಅದೇ ನಲಿ-ಕಲಿ. 2009ರ ಹೊತ್ತಿಗೆ ಅದು ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು, ಹಬ್ಬುವಾಗ ಕಾರ್ಡು ಎಲ್ಲ ಕಡೆ ಒಂದೇ ಆಯಿತು. ಕೋಟೆಯ ಕಾಡಂಚಿಗೆ ಹೊಂದಿದ್ದು ಕೊಳಾಲದ ಬಯಲಿಗೂ ಹೊಂದಬೇಕೆಂದರೆ ಹೇಗೆ? ವಿಧಾನ ಉಳಿಯಿತು, ಮೇಷ್ಟ್ರು ತನ್ನ ಊರಿನ ಪದ ಹುಡುಕುವ ಕೆಲಸ ತಪ್ಪಿತು.

ತೈವಾನಿನ ಬೆಟ್ಟಗಳ ಬುನುನ್ ಜನರ ಕಥೆ ಇಲ್ಲಿ ನೆನಪಾಗುತ್ತದೆ. ನವಣೆಯಂಥ ಸಿರಿಧಾನ್ಯ ಬೆಳೆಯುವ ಅವರು ಒಳ್ಳೆಯ ಫಸಲಿಗಾಗಿ ಹಲವು ದನಿಗಳನ್ನು ಒಂದರ ಮೇಲೊಂದು ಏರಿಸಿ ಹಾಡುತ್ತಾರೆ. 1943ರಲ್ಲಿ ಕುರೊಸಾವಾ ಎಂಬ ಜಪಾನಿ ವಿದ್ವಾಂಸ ಅದನ್ನು ಧ್ವನಿಮುದ್ರಿಸಿಕೊಂಡರು. ಜಪಾನಿ ಆಳ್ವಿಕೆ ಅವರನ್ನು ಬೆಟ್ಟದಿಂದ ಇಳಿಸಿತು, ಆಮೇಲೆ ಬಂದ ಸರ್ಕಾರ ಶಾಲೆಯಲ್ಲಿ ಚೀನೀ ಭಾಷೆ ಬಿಟ್ಟು ಬೇರೆಯದನ್ನು ಆಡಿದ ಮಕ್ಕಳನ್ನು ಶಿಕ್ಷಿಸಿತು. 1998ರಲ್ಲಿ ಮೂಲನಿವಾಸಿಗಳ ಶಿಕ್ಷಣಕ್ಕೆಂದೇ ಅಲ್ಲಿ ಕಾನೂನಾಯಿತು. ಈಗ ಹಾಡು, ಬೇಸಾಯ, ಭಾಷೆ ಪ್ರಾಥಮಿಕ ಶಾಲೆಯೊಳಕ್ಕೆ ಬರುತ್ತಿವೆ.

ನಮಗೆ ಇನ್ನೊಂದು ತೊಡಕಿದೆ. ಮುಟ್ಟಾದವರನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇಡುವುದೂ ಇದೇ ಸಂಪ್ರದಾಯ. 2023ರಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹೀಗೆ ಹೊರಗಿದ್ದ ತಾಯಿಯ ಹಸುಗೂಸು ತೀರಿಕೊಂಡಿತು. ಸಂಸ್ಕೃತಿಯನ್ನು ಶಾಲೆಗೆ ತನ್ನಿ ಎನ್ನುವವರು ಇದನ್ನು ನುಂಗಿಕೊಳ್ಳುವಂತಿಲ್ಲ. ಶಾಲೆ ಇದನ್ನೇ ನೆಪ ಮಾಡಿಕೊಂಡು ಹಟ್ಟಿಯದೆಲ್ಲ ಮೌಢ್ಯವೆಂದರೆ, ಆ ಮಗು ಮನೆಯಲ್ಲಿ ಒಂದು, ತರಗತಿಯಲ್ಲಿ ಇನ್ನೊಂದು ಮಾತಾಡಲು ಕಲಿಯುತ್ತದೆ. ಜುಂಜಪ್ಪನ ಕಥೆ ಕೇಳಿ ತಲೆದೂಗಿದ ಮೇಷ್ಟ್ರ ಮಾತಾದರೆ ಗುಡಿಸಲಿನ ವಿಷಯದಲ್ಲೂ ಹಟ್ಟಿಯವರು ಕಿವಿಗೊಟ್ಟಾರು ಎಂದು ನನಗನ್ನಿಸುತ್ತದೆ.

ಗಣೆ ಹಾಡುಗಾರರಿಗೆ ದೇವರ ವಸ್ತು, ಅದನ್ನು ಶಾಲೆಯ ವೇದಿಕೆಗೆ ಎಳೆದು ತರಬೇಕಿಲ್ಲ. ಮೂರನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಒಂದು ಸಂಜೆ ಹಟ್ಟಿಗೆ ಹೋಗಬಹುದು. ರೊಪ್ಪದ ಕುರಿ ಎಣಿಸಬಹುದು, ಹೆಸರು ಕೇಳಿ ಬರೆದುಕೊಳ್ಳಬಹುದು. ಆಗ ಆ ಹಟ್ಟಿಯ ಹುಡುಗಿಯೇ ಉಳಿದವರಿಗೆ ದಾರಿ ತೋರಿಸುತ್ತಾ ಮುಂದೆ ನಡೆಯುತ್ತಾಳೆ.